ಗುಮ್ಮಟ ಮತ್ತು ಗೊಮ್ಮಟ

ಅಮೆರಿಕದಲ್ಲಿ ಬೆಳೆಯುವ ನಮ್ಮ ಮಕ್ಕಳ ಬಾಯಲ್ಲಿ ದಿನಕ್ಕೆ ಇಪ್ಪತ್ತು ಸಲ ಬರುವ ಮಾತೆಂದರೆ ‘ಆಸಮ್’. ಪಿಜ್ಜಾ ಆಸಮ್, ಹೊಸ ಶೂ ಆಸಮ್, ನಾಳೆ ಶಾಲೆಗೆ ರಜೆ ಎಂದರೆ ಅದಂತೂ ಟೋಟಲಿ ಆಸಮ್! ದೇವರ ಮುಂದೆ ನಿಂತಾಗ ಮೈ ಜುಮ್ಮೆನ್ನುವಂಥ ಭಯಭಕ್ತಿಗೆ ಹುಟ್ಟಿಕೊಂಡ ಶಬ್ದ ಈಗ ಚೀಸ್ ಹಾಕಿದ ರೊಟ್ಟಿಗೆ ಅಂಟಿಕೊಂಡಿದೆ. ನಾವು ನಗುವ ಹಾಗಿಲ್ಲ. ಕನ್ನಡದ ‘ಭವ್ಯ’ ಎಂಬ ಶಬ್ದದ ಗತಿಯನ್ನೇ ನೋಡಿ. ಮಂತ್ರಿಗಳಿಗೆ ಭವ್ಯ ಸ್ವಾಗತ, ಗಣಪತಿ ಬಿಡುವುದಕ್ಕೆ ಭವ್ಯ ಮೆರವಣಿಗೆ, ಸೀರೆ ಅಂಗಡಿಗೆ ಭವ್ಯ ಉದ್ಘಾಟನೆ. ಅಷ್ಟೇಕೆ, ನಮ್ಮ ಸಂಘಗಳ ಫ್ಲೈಯರುಗಳಲ್ಲೂ ‘ಭವ್ಯ ಸಮಾರಂಭ’ ಎಂದೇ ಅಚ್ಚಾಗುತ್ತದೆ. ಅಲ್ಲಿ ಹೋಗಿ ನೋಡಿದರೆ ಭವ್ಯವಾಗಿರುವುದು ಬಿಸಿಬೇಳೆ ಬಾತಿನ ಕ್ಯೂ ಮಾತ್ರ!

ಆದರೂ ಇದು ಸಾಮಾನ್ಯ ಶಬ್ದವಲ್ಲ. ಇಂಗ್ಲಿಷಿನವರು ‘ಸಬ್ಲೈಮ್’ ಎನ್ನುವುದಕ್ಕೆ ನಮ್ಮ ವಿಮರ್ಶಕರು ಬಳಸುತ್ತ ಬಂದ ಮಾತು ಇದು. ಸುಂದರ ಬೇರೆ, ಭವ್ಯ ಬೇರೆ. ಮಲ್ಲಿಗೆಯ ಮೊಗ್ಗು ಸುಂದರ, ಬೇಲೂರಿನ ಶಿಲಾಬಾಲಿಕೆ ಸುಂದರ. ಅವುಗಳನ್ನು ನೋಡಿದರೆ ಮನಸ್ಸು ಹಗುರಾಗುತ್ತದೆ. ಮಳೆಗಾಲದ ಜೋಗದ ಎದುರು ನಿಂತಾಗ ಆಗುವುದು ಬೇರೆಯೇ. ಮೊದಲು ಎದೆ ಧಸಕ್ಕೆನ್ನುತ್ತದೆ, ನಾನು ಇಷ್ಟೇನಾ ಎನ್ನಿಸುತ್ತದೆ, ಆಮೇಲೆ ಎಲ್ಲಿಂದಲೋ ಒಂದು ಹಿಗ್ಗು ಬರುತ್ತದೆ. ಕುಗ್ಗಿಸಿ ಹಿಗ್ಗಿಸುವ ಆ ಅನುಭವವೇ ಭವ್ಯತೆ.

ಇಷ್ಟು ಪೀಠಿಕೆ ಏಕೆಂದರೆ, ಈ ವಿಚಾರ ನಮ್ಮ ಮನೆಯಲ್ಲಿ ಒಂದು ಜಗಳಕ್ಕೆ ಕಾರಣವಾಗಿದೆ. ಜಗಳವೆಂದರೆ ಸಿಹಿ ಜಗಳ. ಯೂಸಿ ಸ್ಯಾನ್ ಡಿಯೇಗೋದಲ್ಲಿ ಬಯಾಲಜಿ ಓದುತ್ತಿರುವ ನಮ್ಮ ಮಗಳು ಒಂದು ಕ್ವಾರ್ಟರಿನಲ್ಲಿ ಸೌಂದರ್ಯಮೀಮಾಂಸೆಯ ಕ್ಲಾಸನ್ನು ತೆಗೆದುಕೊಂಡಳು. ರಜೆಗೆ ಲಾಸ್ ಏಂಜಲೀಸಿಗೆ ಬಂದವಳು ಊಟಕ್ಕೆ ಕೂತಾಗ, “ಅಪ್ಪಾ, ಮನುಷ್ಯರು ಮಾಡಿದ ಯಾವ ವಸ್ತುವೂ ಸಬ್ಲೈಮ್ ಆಗೋಕೆ ಸಾಧ್ಯ ಇಲ್ಲ, ಗೊತ್ತಾ? ಕಾಂಟ್ ಹೇಳಿದ್ದಾನೆ. ನಿಮ್ಮ ಗೊಮ್ಮಟೇಶ್ವರ ಕೂಡ ಆಗಲ್ಲ” ಎಂದಳು. ನಾನು ಚನ್ನರಾಯಪಟ್ಟಣ ತಾಲ್ಲೂಕಿನವನು. ನಮ್ಮೂರ ಕೆರೆ ಏರಿಯ ಮೇಲೆ ನಿಂತರೆ ದೂರದಲ್ಲಿ ಶ್ರವಣಬೆಳಗೊಳದ ದೊಡ್ಡಬೆಟ್ಟ ಕಾಣುತ್ತದೆ. ಅಂಥವನ ಮುಂದೆ ಈ ಮಾತೇ? ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನನ್ನಾಕೆ, “ರೀ, ಮೊದಲು ಊಟ ಮಾಡಿ, ಗೊಮ್ಮಟ ಎಲ್ಲೂ ಹೋಗಲ್ಲ” ಎಂದು ಸಾರು ಬಡಿಸಿದಳು.

ಅವಳ ಪುಸ್ತಕಗಳನ್ನು ನಾನೂ ತಿರುವಿ ಹಾಕಿದೆ. ವಿಷಯ ಹೀಗಿದೆ. 1757ರಲ್ಲಿ ಎಡ್ಮಂಡ್ ಬರ್ಕ್ ಎಂಬ ಐರಿಷ್ ತರುಣ ಸುಂದರ ಮತ್ತು ಭವ್ಯಗಳ ಬಗ್ಗೆ ಒಂದು ಪುಸ್ತಕ ಬರೆದ. ಅವನ ಪ್ರಕಾರ ಭವ್ಯತೆಯ ಬೇರು ಇರುವುದು ಭಯದಲ್ಲಿ. ಆದರೆ ಅಪಾಯ ನಮ್ಮ ಮೈಮೇಲೆ ಬರಬಾರದು, ಸ್ವಲ್ಪ ದೂರದಲ್ಲಿರಬೇಕು. ಹೆಡೆ ಎತ್ತಿದ ನಾಗರಹಾವನ್ನು ಗಾಜಿನ ಆಚೆಯಿಂದ ನೋಡಿದ ಹಾಗೆ ಎನ್ನೋಣ. ಬರ್ಕ್ ಮನುಷ್ಯ ಮಾಡಿದ್ದನ್ನು ಹೊರಗಿಡಲಿಲ್ಲ. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ಒರಟು ಕಲ್ಲುಗಳನ್ನೇ ಉದಾಹರಣೆ ಕೊಟ್ಟ. ಅವುಗಳನ್ನು ಎತ್ತಿ ನಿಲ್ಲಿಸಲು ಎಷ್ಟು ಶಕ್ತಿ ಬೇಕಾಗಿತ್ತು ಎಂದು ನೆನೆದರೇ ಮನಸ್ಸು ಬೆರಗಾಗುತ್ತದೆ ಎಂಬುದು ಅವನ ಅಭಿಪ್ರಾಯ.

1790ರಲ್ಲಿ ಬಂದ ಇಮ್ಯಾನುಯೆಲ್ ಕಾಂಟ್ ಇನ್ನೂ ಆಳಕ್ಕೆ ಹೋದ. ಭವ್ಯತೆ ಬೆಟ್ಟದಲ್ಲೂ ಇಲ್ಲ, ಸಮುದ್ರದಲ್ಲೂ ಇಲ್ಲ, ಅದು ಇರುವುದು ನೋಡುವವನ ಮನಸ್ಸಿನಲ್ಲಿ ಎಂದ. ಅಳತೆಗೆ ಸಿಗದ ಒಂದನ್ನು ನೋಡಿದಾಗ ನಮ್ಮ ಕಲ್ಪನೆ ಸೋತು ಕೈಚೆಲ್ಲುತ್ತದೆ. ಆದರೆ ‘ಅನಂತ’ ಎಂಬುದೊಂದನ್ನು ಯೋಚಿಸಬಲ್ಲ ಬುದ್ಧಿ ನಮ್ಮೊಳಗಿದೆ ಎಂಬುದು ಆ ಸೋಲಿನಲ್ಲೇ ಹೊಳೆಯುತ್ತದೆ. ದೇಹದಿಂದ ಹುಲ್ಲುಕಡ್ಡಿಯಾದರೂ ಮನುಷ್ಯತ್ವದಿಂದ ದೊಡ್ಡವರು ಎಂಬ ಅರಿವು ಅದು. ಹಾಗಾದರೆ ಮನುಷ್ಯ ಮಾಡಿದ್ದು ಏಕೆ ಭವ್ಯವಲ್ಲ? ಏಕೆಂದರೆ, ಕಟ್ಟಡವೋ ಕಂಬವೋ ಒಂದು ಉದ್ದೇಶಕ್ಕಾಗಿ ಮಾಡಿದ್ದು. ಅದರ ಆಕಾರ, ಗಾತ್ರ ಎರಡನ್ನೂ ಆ ಉದ್ದೇಶವೇ ನಿರ್ಧರಿಸಿರುತ್ತದೆ. ಎಷ್ಟೇ ದೊಡ್ಡದಾದರೂ ಅದು ಯಾರೋ ಅಳತೆ ಹಾಕಿ ಮುಗಿಸಿದ ವಸ್ತು. ಆದ್ದರಿಂದ ಅಪ್ಪಟ ಭವ್ಯತೆಗೆ ಮನುಷ್ಯನ ಕೈ ಸೋಕದ ಪ್ರಕೃತಿಯೇ ಬೇಕು ಎಂದು ಕಾಂಟ್ ತೀರ್ಮಾನಿಸಿದ. ತಮಾಷೆಯೆಂದರೆ, ಅದೇ ಭಾಗದಲ್ಲಿ ಈಜಿಪ್ಟಿನ ಪಿರಮಿಡ್ಡುಗಳನ್ನೂ ರೋಮಿನ ಸೇಂಟ್ ಪೀಟರ್ಸ್ ಇಗರ್ಜಿಯನ್ನೂ ಉದಾಹರಣೆಯಾಗಿ ಕೊಡುತ್ತಾನೆ! ಕ್ಯೋನಿಗ್ಸ್‌ಬರ್ಗ್ ಬಿಟ್ಟು ದೂರ ಹೋಗದ ಆ ಪುಣ್ಯಾತ್ಮ ಇವೆರಡನ್ನೂ ಕಣ್ಣಾರೆ ಕಂಡವನಲ್ಲ.

ನಮ್ಮವರು ಏನು ಹೇಳುತ್ತಾರೆ? ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಭವ್ಯ ಎಂಬ ರಸ ಇಲ್ಲ. ಆದರೆ ಅದ್ಭುತ ಇದೆ, ಅದರ ಪಕ್ಕದಲ್ಲೇ ಭಯಾನಕವೂ ಇದೆ. ಅದ್ಭುತ ಹುಟ್ಟುವುದಕ್ಕೆ ಭರತ ಕೊಡುವ ಕಾರಣಗಳಲ್ಲಿ ದಿವ್ಯರನ್ನು ಕಾಣುವುದರ ಜೊತೆಗೆ ಉಪವನಕ್ಕೆ ಹೋಗುವುದು, ದೇವಾಲಯಕ್ಕೆ ಹೋಗುವುದು, ಸಭಾಭವನ, ವಿಮಾನ, ಇಂದ್ರಜಾಲ ಎಲ್ಲವೂ ಇವೆ. ಪ್ರಕೃತಿ ಒಂದು ಕಡೆ, ಮನುಷ್ಯ ಮಾಡಿದ್ದು ಇನ್ನೊಂದು ಕಡೆ ಎಂದು ಅವನು ಗೋಡೆ ಎಬ್ಬಿಸಲಿಲ್ಲ. ಅವನ ಗೋಡೆ ಇರುವುದು ಅದ್ಭುತ ಮತ್ತು ಭಯಾನಕಗಳ ನಡುವೆ.

ಈ ಗೋಡೆ ಎಷ್ಟು ಮುಖ್ಯ ಎಂಬುದು ನನಗೆ ಅರ್ಥವಾದದ್ದು ಐದನೇ ನಂಬರಿನ ಫ್ರೀವೇಯಲ್ಲಿ. ಲಾಸ್ ಏಂಜಲೀಸಿನಿಂದ ಸ್ಯಾನ್ ಡಿಯೇಗೋಗೆ ಹೋಗಿಬರುವವರಿಗೆಲ್ಲ ಸ್ಯಾನ್ ಕ್ಲೆಮೆಂಟೆ ದಾಟಿದ ಮೇಲೆ ಬಲಗಡೆ ಸಮುದ್ರಕ್ಕೆ ಅಂಟಿಕೊಂಡಂತೆ ನಿಂತಿದ್ದ ಎರಡು ದೊಡ್ಡ ಗುಮ್ಮಟಗಳು ಪರಿಚಿತ. ಅದು ಸ್ಯಾನ್ ಓನೋಫ್ರೆ ಪರಮಾಣು ವಿದ್ಯುತ್ ಸ್ಥಾವರ. ಈ ಎರಡು ರಿಯಾಕ್ಟರುಗಳು 1980ರ ದಶಕದಲ್ಲಿ ಕೆಲಸ ಆರಂಭಿಸಿದವು. 2012ರ ಜನವರಿಯಲ್ಲಿ ಉಗಿ ಉತ್ಪಾದಕದ ಒಂದು ಕೊಳವೆ ಸೋರಿದ ಮೇಲೆ ಅವು ಮತ್ತೆ ಶುರುವಾಗಲೇ ಇಲ್ಲ. 2013ರ ಜೂನ್‌ನಲ್ಲಿ ಶಾಶ್ವತವಾಗಿ ಮುಚ್ಚುವುದಾಗಿ ಘೋಷಿಸಿದರು. 2020ರಲ್ಲಿ ಕೆಡವುವ ಕೆಲಸ ಶುರುವಾಯಿತು. ಆದರೆ ಉರಿದು ಮುಗಿದ ಇಂಧನವನ್ನು ಉಕ್ಕಿನ ಡಬ್ಬಿಗಳಲ್ಲಿ ತುಂಬಿ, ಕಾಂಕ್ರೀಟಿನೊಳಗೆ ಇಟ್ಟು, ಅಲ್ಲೇ ಸಮುದ್ರದ ದಡದಲ್ಲಿ ಕಾಯಬೇಕಾಗಿದೆ. ಬೇರೆ ಜಾಗವಿಲ್ಲ. ಅದರ ವಿಕಿರಣ ತಣ್ಣಗಾಗಲು ಸಾವಿರಾರು ವರ್ಷ ಬೇಕು.

ಬರ್ಕನ ಲೆಕ್ಕದಲ್ಲಿ ಇದು ಭವ್ಯವಾಗಬೇಕು. ಗಾತ್ರವಿದೆ, ಶಕ್ತಿಯಿದೆ, ಭಯವಿದೆ, ಗಂಟೆಗೆ ಎಪ್ಪತ್ತು ಮೈಲಿ ವೇಗದಲ್ಲಿ ದಾಟಿಹೋಗುವ ನಮಗೆ ಸುರಕ್ಷಿತ ದೂರವೂ ಇದೆ. ಕಾಂಟನ ಲೆಕ್ಕದಲ್ಲೂ ಅಷ್ಟೇ, ಆ ಸಾವಿರಾರು ವರ್ಷಗಳ ಮುಂದೆ ಕಲ್ಪನೆ ಸೋಲುತ್ತದೆ. ಆದರೂ ಆ ಗುಮ್ಮಟಗಳನ್ನು ನೋಡಿ ನನಗೆ ಒಮ್ಮೆಯೂ ಕೈಮುಗಿಯಬೇಕು ಎನ್ನಿಸಲಿಲ್ಲ. ಕುಗ್ಗಿದ್ದು ನಿಜ, ಹಿಗ್ಗಲಿಲ್ಲ. ಅದು ಭಯಾನಕದ ಕಡೆಗೇ ಉಳಿಯಿತು. ಅಂದರೆ ಬರೀ ದೊಡ್ಡದಾದರೆ ಸಾಲದು, ಹೆದರಿಸಿದರೂ ಸಾಲದು.

ಹಾಗಾದರೆ ಇನ್ನೇನು ಬೇಕು? ಇಲ್ಲಿ ನನ್ನ ತಂದೆಯವರ ಪ್ರಸಂಗ ಹೇಳಬೇಕು. ಹೈಸ್ಕೂಲ್ ಮೇಷ್ಟರಾಗಿ ನಿವೃತ್ತರಾಗಿದ್ದ ಅವರು 2009ರ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬಂದಿದ್ದರು. ಊರಿನಿಂದ ಬಂದವರಿಗೆ ನಾವು ತೋರಿಸುವ ಪಟ್ಟಿ ನಿಮಗೆ ಗೊತ್ತೇ ಇದೆ: ಡಿಸ್ನಿಲ್ಯಾಂಡ್, ಹಾಲಿವುಡ್, ಮಾಲಿಬು ದೇವಸ್ಥಾನ, ಲಾಸ್ ವೇಗಸ್, ಗ್ರ್ಯಾಂಡ್ ಕ್ಯಾನಿಯನ್. ಎಲ್ಲವನ್ನೂ ನೋಡಿ “ಚೆನ್ನಾಗಿದೆ” ಎಂದರು. ಕ್ಯಾನಿಯನ್ ಅಂಚಿನಲ್ಲಿ ನಿಂತು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಸ್ಯಾನ್ ಡಿಯೇಗೋ ಕೌಂಟಿಯ ಪಾಲೋಮಾರ್ ಬೆಟ್ಟಕ್ಕೆ ಕರೆದುಕೊಂಡು ಹೋದೆ. ಸಮುದ್ರಮಟ್ಟದಿಂದ ಐದೂವರೆ ಸಾವಿರ ಅಡಿ ಎತ್ತರ, ನಮ್ಮ ಆಗುಂಬೆ ಘಾಟಿಯನ್ನು ನೆನಪಿಸುವ ತಿರುವುಗಳು. ಅಲ್ಲಿ 200 ಇಂಚು ವ್ಯಾಸದ ಕನ್ನಡಿಯುಳ್ಳ ಹೇಲ್ ದೂರದರ್ಶಕವಿದೆ. ಹಗಲಿನಲ್ಲಿ ಗಾಜಿನ ಗೋಡೆಯ ಒಂದು ಗ್ಯಾಲರಿಯಿಂದ ಅದನ್ನು ನೋಡಬಹುದು.

ಆ ಗ್ಯಾಲರಿಯ ಬಾಗಿಲಲ್ಲಿ ಅಪ್ಪ ಚಪ್ಪಲಿ ಬಿಟ್ಟರು. ಐದು ವರ್ಷದ ನನ್ನ ಮಗಳೂ ತಾತನನ್ನು ನೋಡಿ ಪುಟ್ಟ ಶೂ ಕಳಚಿ, ಚಪ್ಪಲಿಯ ಪಕ್ಕದಲ್ಲಿ ಜೋಡಿಸಿಟ್ಟಳು. “ಅಪ್ಪಾ, ಇದು ದೇವಸ್ಥಾನ ಅಲ್ಲ” ಎಂದೆ. “ಗೊತ್ತು ಕಣಯ್ಯ” ಎಂದರು, ಒಳಗೆ ಹೋದರು. 137 ಅಡಿ ವ್ಯಾಸದ ಗುಮ್ಮಟದ ಕೆಳಗೆ, ಅರೆಗತ್ತಲಲ್ಲಿ, 530 ಟನ್ ತೂಕದ ಆ ಯಂತ್ರ ಸುಮ್ಮನೆ ನಿಂತಿತ್ತು.

ಅಪ್ಪ ಅದು ಎಷ್ಟು ದೂರ ನೋಡುತ್ತದೆ ಎಂದು ಕೇಳಲಿಲ್ಲ. “ಯಾರು ಮಾಡಿಸಿದ್ದು? ಎಷ್ಟು ವರ್ಷ ಹಿಡೀತು?” ಎಂದು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ. ಜಾರ್ಜ್ ಎಲರಿ ಹೇಲ್ ಎಂಬ ಖಗೋಳವಿಜ್ಞಾನಿ 1928ರಲ್ಲಿ ರಾಕ್‌ಫೆಲರ್ ಕಡೆಯಿಂದ 60 ಲಕ್ಷ ಡಾಲರ್ ಹೊಂದಿಸಿದ. ನ್ಯೂಯಾರ್ಕಿನ ಕಾರ್ನಿಂಗ್ ಕಾರ್ಖಾನೆಯಲ್ಲಿ 1934ರ ಮಾರ್ಚ್‌ನಲ್ಲಿ ಎರಕ ಹೊಯ್ದ ಮೊದಲ ಗಾಜು ಕೆಟ್ಟಿತು. ಅದೇ ವರ್ಷ ಡಿಸೆಂಬರಿನಲ್ಲಿ ಮತ್ತೆ ಹೊಯ್ದು, ಒಡೆಯದಿರಲೆಂದು ತಿಂಗಳುಗಟ್ಟಲೆ ನಿಧಾನವಾಗಿ ತಣಿಸಿದರು. 1936ರಲ್ಲಿ ಆ ಗಾಜು ರೈಲಿನಲ್ಲಿ ಇಡೀ ದೇಶ ದಾಟಿ ಪ್ಯಾಸಡೀನಕ್ಕೆ ಬಂತು. ದಾರಿಯುದ್ದಕ್ಕೂ ಜನ ತೇರು ನೋಡುವಂತೆ ನಿಂತು ನೋಡಿದರಂತೆ. ಕ್ಯಾಲ್‌ಟೆಕ್‌ನಲ್ಲಿ ಅದನ್ನು ಉಜ್ಜುವ ಕೆಲಸ, ನಡುವೆ ಮಹಾಯುದ್ಧಕ್ಕಾಗಿ ನಿಂತು, 1947ರವರೆಗೆ ನಡೆಯಿತು. ಸುಮಾರು 5 ಟನ್ ಗಾಜನ್ನು ಉಜ್ಜಿ ತೆಗೆದು, ಮೇಲ್ಮೈಯಲ್ಲಿ ಒಂದು ಇಂಚಿನ ಹತ್ತು ಲಕ್ಷ ಭಾಗದಲ್ಲಿ ಎರಡು ಭಾಗದಷ್ಟೂ ವ್ಯತ್ಯಾಸ ಉಳಿಯದಂತೆ ಮಾಡಿದರು. 1948ರ ಜೂನ್ 3ರಂದು ಲೋಕಾರ್ಪಣೆಯಾಯಿತು.

“ಮಾಡಿಸಿದವನು ನೋಡಿದನೋ?” ಅಪ್ಪ ಕೇಳಿದರು. ಇಲ್ಲ. ಹೇಲ್ 1938ರಲ್ಲೇ ತೀರಿಹೋಗಿದ್ದ. ಅಪ್ಪ ಗಾಜಿಗೆ ಹಣೆ ಒತ್ತಿ ಇನ್ನೂ ಸ್ವಲ್ಪ ಹೊತ್ತು ನೋಡಿದರು. “ಇದೂ ಒಂಥರಾ ಗೊಮ್ಮಟನೇ ಕಣಯ್ಯ. ತನಗೇನೂ ಬೇಡ ಅನ್ನೋ ಹಾಗೆ ನಿಂತಿದೆ ನೋಡು” ಎಂದರು.

ಅಪ್ಪ 2016ರಲ್ಲಿ ಹೋದರು. ಮಗಳು ಕಾಂಟನ ಮಾತು ಎತ್ತಿದಾಗ ನನಗೆ ಚುಚ್ಚಿದ್ದು ಗೊಮ್ಮಟನ ಅಭಿಮಾನ ಮಾತ್ರವಲ್ಲ. ಅಪ್ಪ ಅಂದು ಚಪ್ಪಲಿ ಬಿಟ್ಟದ್ದು ಬರೀ ಹಳ್ಳಿಯ ಅಭ್ಯಾಸಬಲವೇ? ಒಂದು ಯಂತ್ರಕ್ಕೆ ಸಲ್ಲದ ಮರ್ಯಾದೆಯೇ? ಕಾಂಟ್ ಹೇಳಿದ್ದು ಸರಿಯಾದರೆ ಹಾಗೆಂದೇ ಒಪ್ಪಬೇಕಾಗುತ್ತದೆ. ಇದನ್ನೇ ಮಗಳಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, “ತಾತ ಕೈಮುಗಿದಿದ್ದು ಟೆಲಿಸ್ಕೋಪಿಗಲ್ಲ ಅಪ್ಪಾ, ಅದರ ಆಚೆ ಇರೋ ಆಕಾಶಕ್ಕೆ. ಟೆಲಿಸ್ಕೋಪು ಬರೀ ಕಿಟಕಿ” ಎಂದಳು.

ಜಾಣ ಮಾತೇ. ಅದಕ್ಕೆ ನಮ್ಮ ಲಾಸ್ ಏಂಜಲೀಸೇ ಸಾಕ್ಷಿ ಹೇಳೀತು. ಪ್ಯಾಸಡೀನದ ಮೇಲಿನ ಮೌಂಟ್ ವಿಲ್ಸನ್‌ನಲ್ಲಿ, 1917ರ 100 ಇಂಚಿನ ದೂರದರ್ಶಕದಿಂದ, 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಆಂಡ್ರೊಮಿಡಾದಲ್ಲಿ ಒಂದು ನಕ್ಷತ್ರ ಗುರುತಿಸಿದ. ಅದರಿಂದ ನಮ್ಮ ಆಕಾಶಗಂಗೆಯ ಆಚೆಗೂ ಬೇರೆ ಗ್ಯಾಲಕ್ಸಿಗಳಿವೆ ಎಂದು ಜಗತ್ತಿಗೆ ಗೊತ್ತಾಯಿತು. ಅದೇ ಬೆಟ್ಟದ ಬುಡದಲ್ಲಿ ಬೆಳೆದ ಊರಿನ ದೀಪಗಳು ಆ ಆಕಾಶವನ್ನು ಮಸುಕು ಮಾಡಿದವು. ದೊಡ್ಡ ದೂರದರ್ಶಕ ಪಾಲೋಮಾರ್‌ಗೆ ಹೋಗಲು ಅದೂ ಒಂದು ಕಾರಣ. ನಾವು ಇಲ್ಲಿಗೆ ಬರುವ ಮೊದಲು, 1994ರ ಜನವರಿ 17ರ ಬೆಳಗಿನ ಜಾವ ನಾರ್ತ್‌ರಿಜ್ ಭೂಕಂಪವಾಗಿ ಊರಿಗೂರೇ ಕತ್ತಲಾದಾಗ, ತಲೆಯ ಮೇಲಿನ ವಿಚಿತ್ರ ಆಕಾಶ ಏನೆಂದು ಕೇಳಿ ಗ್ರಿಫಿತ್ ವೀಕ್ಷಣಾಲಯಕ್ಕೆ ಜನ ಫೋನ್ ಮಾಡಿದ್ದರಂತೆ. ಅವರು ಕಂಡದ್ದು ಬರೀ ನಕ್ಷತ್ರಗಳು! ನಾವು ಮಾಡಿದ ಬೆಳಕು ನಾವು ಮಾಡದ ಬೆಳಕನ್ನು ಮುಚ್ಚಿತ್ತು. ಪ್ರಕೃತಿಯ ಪಕ್ಷ ವಹಿಸಿದ ಕಾಂಟನ ಎಚ್ಚರಿಕೆಯಲ್ಲಿ ಹುರುಳಿಲ್ಲ ಎಂದು ಹೇಗೆ ಹೇಳಲಿ?

ಆದರೆ ಮಗಳ ವಾದದಲ್ಲಿ ಒಂದು ತೊಡಕಿದೆ. ಅಪ್ಪ ಅಲ್ಲಿ ಆಕಾಶ ನೋಡಲೇ ಇಲ್ಲ. ಅದು ನಡುಮಧ್ಯಾಹ್ನ, ಗುಮ್ಮಟ ಮುಚ್ಚಿತ್ತು. ಅವರು ನೋಡಿದ್ದು ಆ ಕಿಟಕಿಯನ್ನೇ. ಇಪ್ಪತ್ತು ವರ್ಷ ನೂರಾರು ಜನ, ತಮ್ಮ ಆಯುಸ್ಸಿನ ಆಚೆಗಿನ ಒಂದಕ್ಕಾಗಿ, ಗಾಜನ್ನು ಉಜ್ಜಿ ಉಜ್ಜಿ ತೆಗೆದದ್ದನ್ನೇ.

ಇಲ್ಲಿ ನನಗೆ ನೆರವಾದವನು ನಮ್ಮ ಬೊಪ್ಪಣ ಪಂಡಿತ. ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಸುಮಾರು ಕ್ರಿ.ಶ. 1180ರ ಅವನ ಒಂದು ಕನ್ನಡ ಶಾಸನವಿದೆ. ಅದರಲ್ಲಿ ಗೊಮ್ಮಟನನ್ನು ಹೊಗಳುತ್ತ ಅವನು ಹೇಳುವ ಮಾತಿನ ಸಾರಾಂಶ ಇದು: ಒಂದು ವಿಗ್ರಹ ಬಹಳ ಎತ್ತರವಾದರೆ ಅದರಲ್ಲಿ ಚೆಲುವು ಇರುವುದಿಲ್ಲ. ಎತ್ತರವೂ ಚೆಲುವೂ ಸೇರಿದರೆ ಅತಿಶಯ ಇರುವುದಿಲ್ಲ. ಎತ್ತರ, ಚೆಲುವು, ಅತಿಶಯ ಮೂರೂ ಕೂಡಿರುವುದು ಇಲ್ಲಿ. ಬರ್ಕ್ ಮತ್ತು ಕಾಂಟರಿಗಿಂತ ಸುಮಾರು ಆರುನೂರು ವರ್ಷ ಮೊದಲು, ಒಬ್ಬ ಕನ್ನಡ ಕವಿ ದೊಡ್ಡದು ಬೇರೆ, ಸುಂದರ ಬೇರೆ, ಇವೆರಡನ್ನೂ ಮೀರಿದ ಮೂರನೆಯದು ಬೇರೆ ಎಂದು ವಿಂಗಡಿಸಿದ್ದಾನೆ! ಆ ಮೂರನೆಯದನ್ನು ಮನುಷ್ಯ ಕಡೆದ ಕಲ್ಲಿನಲ್ಲಿ ಕಂಡಿದ್ದಾನೆ.

ಆ ಅತಿಶಯ ಎಲ್ಲಿಂದ ಬಂತು? ಗೊಮ್ಮಟನ ಎತ್ತರ ಸುಮಾರು 57 ಅಡಿ. ಗಂಗರ ಮಂತ್ರಿ ಚಾವುಂಡರಾಯ ಕ್ರಿ.ಶ. 981ರ ಸುಮಾರಿಗೆ ಬೆಟ್ಟದ ನೆತ್ತಿಯ ಒಂದೇ ಬಂಡೆಯಲ್ಲಿ ಮಾಡಿಸಿದ್ದು. ಇಂದಿನ ಲೆಕ್ಕದಲ್ಲಿ 57 ಅಡಿ ದೊಡ್ಡದೇನಲ್ಲ, ಲಾಸ್ ಏಂಜಲೀಸ್ ಡೌನ್‌ಟೌನಿನ ಪಾರ್ಕಿಂಗ್ ಕಟ್ಟಡಗಳು ಅದಕ್ಕಿಂತ ಎತ್ತರ. ಆದರೆ ಅವನು ಯಾರು? ಅಣ್ಣನಾದ ಭರತ ಚಕ್ರವರ್ತಿಯನ್ನು ಯುದ್ಧದಲ್ಲಿ ಸೋಲಿಸಿ, ಗೆದ್ದ ಗಳಿಗೆಯಲ್ಲೇ ರಾಜ್ಯ ಬಿಟ್ಟು ನಿಂತವನು. ಕಾಲಿಗೆ ಹುತ್ತ ಬೆಳೆದು, ತೋಳಿಗೆ ಬಳ್ಳಿ ಹಬ್ಬುವವರೆಗೆ ಅಲ್ಲಾಡದೆ ನಿಂತವನು. ಹೊರಗಿನ ಯಾವ ಶಕ್ತಿಗೂ ಬಗ್ಗದ ದೊಡ್ಡತನ ಮನುಷ್ಯನೊಳಗೇ ಇದೆ ಎಂಬುದೇ ಭವ್ಯತೆಯ ಗುಟ್ಟು ಎಂದು ಕಾಂಟ್ ಹೇಳಿದ್ದನಲ್ಲ, ಅದನ್ನೇ ನಮ್ಮ ಶಿಲ್ಪಿಗಳು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ. ಇದಕ್ಕೊಂದು ಉದ್ದೇಶವಿದೆ ನಿಜ. ಆದರೆ ಎಲ್ಲ ಉದ್ದೇಶಗಳನ್ನೂ ಬಿಟ್ಟವನನ್ನು ತೋರಿಸುವುದೇ ಆ ಉದ್ದೇಶ. ಅದಕ್ಕೆ ಅಳತೆ ಎಲ್ಲಿ?

ಇನ್ನೊಂದು ಕಥೆ ನಿಮಗೆಲ್ಲ ಗೊತ್ತು. ಮೂರ್ತಿ ಮುಗಿದು ಮೊದಲ ಅಭಿಷೇಕವಾದಾಗ ಚಾವುಂಡರಾಯನಿಗೆ, ಇಂಥದ್ದನ್ನು ಮಾಡಿಸಿದೆನಲ್ಲಾ ಎಂಬ ಹಮ್ಮು ಬಂತಂತೆ. ಕೊಡಗಟ್ಟಲೆ ಹಾಲು ಸುರಿದರೂ ಅದು ತೊಡೆಯಿಂದ ಕೆಳಗಿಳಿಯಲಿಲ್ಲ. ಆಗ ಒಬ್ಬ ಬಡ ಅಜ್ಜಿ ಗುಳ್ಳಕಾಯಿಯ ಚಿಪ್ಪಿನಲ್ಲಿ ತಂದ ಒಂದಿಷ್ಟು ಹಾಲು ಹಾಕಿದಳು. ಅದು ಮೂರ್ತಿಯನ್ನೆಲ್ಲ ತೋಯಿಸಿ ಬೆಟ್ಟದ ಕೆಳಗೆ ಹರಿಯಿತು. ಆ ಗುಳ್ಳಕಾಯಜ್ಜಿಯ ವಿಗ್ರಹ ಇಂದಿಗೂ ಗೊಮ್ಮಟನ ಎದುರು ನಿಂತಿದೆ. 1981ರ ಫೆಬ್ರವರಿಯಲ್ಲಿ, ಸಾವಿರ ವರ್ಷದ ಮಹಾಮಸ್ತಕಾಭಿಷೇಕದಲ್ಲಿ, ಮಿಡ್ಲ್ ಸ್ಕೂಲಿನಲ್ಲಿದ್ದ ನಾನು ಅಪ್ಪನ ಜೊತೆ ಎದುರಿನ ಚಿಕ್ಕಬೆಟ್ಟದ ಬಂಡೆಯ ಮೇಲೆ ಕೂತು ಈ ಕಥೆ ಕೇಳಿದ್ದೆ. ಇಂದಿರಾ ಗಾಂಧಿಯವರು ಹೆಲಿಕಾಪ್ಟರಿನಿಂದ ಹೂ ಸುರಿದದ್ದಕ್ಕಿಂತ ಅಜ್ಜಿಯ ಚಿಪ್ಪೇ ನನಗೆ ಹೆಚ್ಚು ನೆನಪಿನಲ್ಲಿದೆ. ಕಾಂಟನ ಆಕ್ಷೇಪಣೆಗೆ ಇದು ನಮ್ಮ ಜನ ಕೊಟ್ಟ ಉತ್ತರ ಎಂದು ನನಗೆ ಈಗ ಅನ್ನಿಸುತ್ತದೆ. ಮನುಷ್ಯ ಮಾಡಿದ್ದು ಭವ್ಯವಾಗಬಹುದು, ಆದರೆ ‘ನಾನು ಮಾಡಿದೆ’ ಎಂಬುದು ಅದರಿಂದ ಇಳಿದುಹೋಗಬೇಕು. ಅದು ಇಳಿಯುವತನಕ ಹಾಲೂ ಕೆಳಗೆ ಇಳಿಯುವುದಿಲ್ಲ.

ಈ ಅಳತೆಗೋಲು ಹಿಡಿದು ನಮ್ಮ ಸುತ್ತಮುತ್ತಲ ಇನ್ನೆರಡು ಜಾಗಗಳನ್ನು ನೋಡೋಣ. ಮಗಳ ಯೂನಿವರ್ಸಿಟಿಯ ಎದುರಿನಲ್ಲೇ, ಲಾ ಹೋಯಾದ ಕಡಲಂಚಿನ ದಿಣ್ಣೆಯ ಮೇಲೆ ಸಾಲ್ಕ್ ಇನ್ಸ್ಟಿಟ್ಯೂಟ್ ಇದೆ. ಪೋಲಿಯೋ ಲಸಿಕೆಯ ಜೋನಸ್ ಸಾಲ್ಕ್ 1960ರಲ್ಲಿ ಸ್ಥಾಪಿಸಿದ್ದು. ಅಹಮದಾಬಾದಿನ ಐಐಎಂ ಕಟ್ಟಿದ ಲೂಯಿ ಕಾನ್ ಎಂಬ ವಾಸ್ತುಶಿಲ್ಪಿಯೇ ಇದನ್ನೂ ಕಟ್ಟಿದ, 1965ರಲ್ಲಿ ಮುಗಿಯಿತು. ಎರಡು ಸಾಲು ಕಾಂಕ್ರೀಟ್ ಕಟ್ಟಡ, ನಡುವೆ ಒಂದು ಗಿಡವೂ ಇಲ್ಲದ ಬಯಲಿನಂಥ ಕಲ್ಲಿನ ಅಂಗಳ, ಅದರ ಮಧ್ಯೆ ಪೆಸಿಫಿಕ್ ಕಡೆಗೆ ಹರಿಯುವ ಒಂದು ತೆಳು ನೀರಿನ ಗೆರೆ. ಹಗಲು ಇರುಳು ಸಮವಾಗುವ ದಿನಗಳಲ್ಲಿ ಸೂರ್ಯ ಆ ಗೆರೆಯ ತುದಿಯಲ್ಲೇ ಮುಳುಗುತ್ತಾನೆ. ಬಹಳ ಜನ ಆ ಅಂಗಳವನ್ನೇ ಭವ್ಯ ಎನ್ನುತ್ತಾರೆ. ನಾನು ವೈದ್ಯ, ನನಗೆ ಅಲ್ಲಿ ನೆನಪಾಗುವುದು ಬೇರೆ. ಪ್ರೈಮರಿ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಒಂದು ಕಾಲನ್ನು ಕೈಯಿಂದ ಎತ್ತಿಟ್ಟು ನಡೆಯುತ್ತಿದ್ದ. ಎಂಬಿಬಿಎಸ್ ಓದುವಾಗ ಮಕ್ಕಳ ವಾರ್ಡಿನಲ್ಲಿ ಅಂಥ ಸೊರಗಿದ ಕಾಲುಗಳನ್ನು ಎಷ್ಟು ನೋಡಿದ್ದೇನೋ! ಸಾಲ್ಕ್ ಲಸಿಕೆ ಸುರಕ್ಷಿತ, ಪರಿಣಾಮಕಾರಿ ಎಂದು ಘೋಷಣೆಯಾದದ್ದು 1955ರ ಏಪ್ರಿಲ್ 12ರಂದು. ಅದಕ್ಕೆ ಪೇಟೆಂಟ್ ಇರಲಿಲ್ಲ. ನಮ್ಮ ದೇಶದಲ್ಲಿ ಹೆಚ್ಚಾಗಿ ಕೆಲಸ ಮಾಡಿದ್ದು ಆಲ್ಬರ್ಟ್ ಸೇಬಿನ್ ಅವರ ಬಾಯಿಹನಿ ಮತ್ತು ಅದನ್ನು ಐಸ್ ಪೆಟ್ಟಿಗೆಯಲ್ಲಿ ಹೊತ್ತು ಮನೆಮನೆಗೆ ನಡೆದ ಹೆಸರಿಲ್ಲದ ನರ್ಸಮ್ಮಂದಿರು, ಅಂಗನವಾಡಿ ಕಾರ್ಯಕರ್ತೆಯರು. ಭಾರತದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಹೌರಾದಲ್ಲಿ ಕಂಡಿತು. 2014ರ ಮಾರ್ಚ್ 27ರಂದು ದೇಶ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು.

ಕಾಂಟ್ ಒಂದು ಮಾತು ಹೇಳುತ್ತಾನೆ: ಸುಂದರವಾದದ್ದಕ್ಕೆ ಆಕಾರ ಬೇಕು, ಭವ್ಯವಾದದ್ದಕ್ಕೆ ಆಕಾರ ಇಲ್ಲದಿದ್ದರೂ ಆದೀತು. ಹಾಗಾದರೆ ಎಂದೂ ಸೊರಗದ ಲಕ್ಷಾಂತರ ಕಾಲುಗಳನ್ನು ಏನೆಂದು ಕರೆಯೋಣ? ಅವು ಕಣ್ಣಿಗೆ ಕಾಣುವುದಿಲ್ಲ, ಎಣಿಕೆಗೆ ಸಿಗುವುದಿಲ್ಲ. ತಾನು ಉಳಿಸಿಕೊಂಡ ಕಾಲಿನ ಮೇಲೆ ಓಡುತ್ತಿರುವ ಹುಡುಗನಿಗೇ ಅದು ಗೊತ್ತಿಲ್ಲ. ಮನುಷ್ಯ ಮಾಡಿದ ಇದಕ್ಕಿಂತ ದೊಡ್ಡ ವಸ್ತು ನನಗೆ ಗೊತ್ತಿಲ್ಲ.

ಇನ್ನೊಂದು ಜಾಗ ಲಾಸ್ ಏಂಜಲೀಸಿನ ವಾಟ್ಸ್. ನಮ್ಮವರು ಹೆಚ್ಚಾಗಿ ಕಾಲಿಡದ ಬಡಾವಣೆ. ಸೈಮನ್ ರೋಡಿಯಾ ಎಂಬ ಇಟಲಿಯಿಂದ ವಲಸೆ ಬಂದ ಕೂಲಿಗಾರ, ಟೈಲ್ಸ್ ಕೂರಿಸುವ ಕೆಲಸದವನು, 1921ರಿಂದ 1954ರವರೆಗೆ 33 ವರ್ಷ, ದುಡಿಮೆ ಮುಗಿಸಿ ಬಂದ ಮೇಲೆ ಒಬ್ಬನೇ ತನ್ನ ಪುಟ್ಟ ಸೈಟಿನಲ್ಲಿ ಗೋಪುರಗಳನ್ನು ಕಟ್ಟಿದ. ಕಬ್ಬಿಣದ ಸರಳು, ತಂತಿಬಲೆ, ಸಿಮೆಂಟು, ಒಡೆದ ಪಿಂಗಾಣಿ, ಸೋಡಾ ಬಾಟಲಿಯ ಚೂರು, ಕಡಲಚಿಪ್ಪು ಇಷ್ಟೇ ಸಾಮಗ್ರಿ. ವೆಲ್ಡಿಂಗ್ ಇಲ್ಲ, ಸಾರುವೆ ಇಲ್ಲ. ಅತಿ ಎತ್ತರದ್ದು ಸುಮಾರು 100 ಅಡಿ. ಮುಗಿದ ಮೇಲೆ ಜಾಗವನ್ನು ನೆರೆಯವನಿಗೆ ಕೊಟ್ಟು ಊರು ಬಿಟ್ಟವನು ಮತ್ತೆ ತಿರುಗಿ ನೋಡಲಿಲ್ಲ. ಗೆದ್ದು ಬಿಟ್ಟುಹೋದ ಬಾಹುಬಲಿಯ ಹಾಗೆಯೇ! ಅಪಾಯಕಾರಿ ಎಂದು ಕೆಡವಲು ಹೊರಟಾಗ, 1959ರ ಅಕ್ಟೋಬರಿನಲ್ಲಿ 10,000 ಪೌಂಡ್ ಬಲ ಹಾಕಿ ಎಳೆದು ಪರೀಕ್ಷಿಸಿದರು. ಎಳೆಯುವ ಸಲಕರಣೆಯೇ ಬಾಗಿತು, ಗೋಪುರ ಜಗ್ಗಲಿಲ್ಲ. ರೋಡಿಯಾ ಅದಕ್ಕೆ ಇಟ್ಟ ಹೆಸರು ಸ್ಪ್ಯಾನಿಷಿನಲ್ಲಿ ‘ನುಯೆಸ್ತ್ರೋ ಪುಯೆಬ್ಲೋ’. ಕನ್ನಡದಲ್ಲಿ ಹೇಳುವುದಾದರೆ ‘ನಮ್ಮೂರು’.

ಹೊರನಾಡಿಗೆ ಬಂದ ನಮಗೆ ಈ ಹೆಸರು ಸ್ವಲ್ಪ ಯೋಚಿಸುವಂತೆ ಮಾಡಬೇಕು. ಮನೆ, ಕಾರು, ಸಂಘ, ದೇವಸ್ಥಾನ ಎಂದು ನಾವೂ ಬಹಳ ಕಟ್ಟಿದ್ದೇವೆ. ಅವು ಭವ್ಯವಾಗಬೇಕಾಗಿಲ್ಲ, ಉಪಯೋಗಕ್ಕೆ ಬಂದರೆ ಸಾಕು. ಆದರೆ ಪ್ರತಿ ಲಾಂಗ್ ವೀಕೆಂಡಿನಲ್ಲೂ ಯೋಸೆಮಿಟಿಗೆ ಓಡುವ ನಮ್ಮ ಮಕ್ಕಳಿಗೆ, ಬೆಟ್ಟದ ಮುಂದೆ ಮಾತ್ರವಲ್ಲ, ಮನುಷ್ಯನ ಕೆಲಸದ ಮುಂದೆಯೂ ಕೆಲವೊಮ್ಮೆ ತಲೆಬಾಗಬಹುದು ಎಂದು ತೋರಿಸಬೇಕು. ಯಾವುದರ ಮುಂದೆ ಬಾಗಬಾರದು ಎಂಬುದನ್ನೂ ತೋರಿಸಬೇಕು. ದೊಡ್ಡದಾಗಿ ಕಂಡ ಗುಮ್ಮಟವೆಲ್ಲ ಗೊಮ್ಮಟನಲ್ಲ.

ಮಗಳು ಪೂರ್ತಿ ಒಪ್ಪಿಲ್ಲ. “ನೀವು ಹೇಳ್ತಿರೋದು ಎಸ್ಥೆಟಿಕ್ಸ್ ಅಲ್ಲ ಅಪ್ಪಾ, ಎಥಿಕ್ಸ್” ಎನ್ನುತ್ತಾಳೆ. ಇರಬಹುದು. ಕಾಂಟ್ ಕೂಡ ಭವ್ಯತೆಯನ್ನು ನೀತಿಯ ಪಕ್ಕದಲ್ಲೇ ಕೂರಿಸಿದ್ದ ಎಂದು ನಾನೂ ಅವಳ ಪುಸ್ತಕದಿಂದಲೇ ಓದಿ ಹೇಳಿದೆ. ಮುಂದಿನ ರಜೆಗೆ ಬರುವಾಗ ಇನ್ನೊಂದು ಪುಸ್ತಕ ತರುತ್ತಾಳಂತೆ. ತರಲಿ, ನಾನೂ ಬೊಪ್ಪಣನನ್ನು ಇನ್ನೊಮ್ಮೆ ಓದಿಕೊಂಡಿರುತ್ತೇನೆ.